ತೋಟದ ಮರದಲ್ಲಿ ಮತ್ತು ಹಸಿರುಮನೆಯಲ್ಲಿ ಆರ್ಕಿಡ್ ಬೆಳೆಸುವ ಕ್ರಮ

ಮೇ ತಿಂಗಳ ಕೊನೆಗೆ, ಒಂದೆರಡು ಗುಡುಗುಮಳೆ ಬಿದ್ದ ಮೇಲೆ, ಮಲೆನಾಡಿನ ಹಳೆಯ ಹಲಸು ಮತ್ತು ಮಾವಿನ ಮರಗಳ ಕವಲುಗಳಲ್ಲಿ ಸೀತಾಳೆ ದಂಡೆ ಅರಳುತ್ತದೆ. ನೇರಳೆ ಚುಕ್ಕೆಗಳಿರುವ ಬಿಳಿ ಹೂಗಳು ಒತ್ತೊತ್ತಾಗಿ ಸೇರಿ, ಯಾರೋ ಕೂತು ಕಟ್ಟಿದ ಮಾಲೆಯಂತೆ ಇಳಿಬೀಳುವ ಈ ಆರ್ಕಿಡ್ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಹೆಸರು. ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಿಗೆ ಇದೇ ರಾಜ್ಯಪುಷ್ಪ. ನಮ್ಮಲ್ಲಿ ಮಾತ್ರ ಇದನ್ನು ಬಂದಣಿಕೆ ಎಂದು ತಿಳಿದು ಕತ್ತಿಯಿಂದ ಕೆರೆದು ಎಸೆಯುವವರು ಇಂದಿಗೂ ಇದ್ದಾರೆ. ಬಂದಣಿಕೆ ಮರದ ರಸ ಹೀರಿ ಬದುಕುತ್ತದೆ. ಸೀತಾಳೆಯಾದರೋ ಮರವನ್ನು ಕೂರುವ ನೆಲೆಯಾಗಿ ಮಾತ್ರ ಬಳಸಿಕೊಂಡು, ತೊಗಟೆಯ ಮೇಲೆ ಹರಿದುಬರುವ ಮಳೆನೀರು, ಹಾವಸೆ, ಕೊಳೆತ ಎಲೆಯ ಧೂಳು ಇಷ್ಟರಲ್ಲೇ ಬಾಳುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ, ಮುಂದೆ ಹೇಳುವ ನೀರು, ಕುಂಡ, ನೆರಳು, ಹಸಿರುಮನೆಗಳ ವಿಚಾರವೆಲ್ಲ ತಾನಾಗಿ ಅರ್ಥವಾಗುತ್ತದೆ.

ಬೇರಿನ ಸ್ವಭಾವ

ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಣಗಿದಾಗ ಅದು ವಿಭೂತಿ ಬಳಿದಂತೆ ಬೆಳ್ಳಗಿದ್ದು, ತುದಿಯ ಅರ್ಧ ಇಂಚು ಮಾತ್ರ ಹಸಿರಾಗಿ ಹೊಳೆಯುತ್ತಿರುತ್ತದೆ. ಅದರ ಮೇಲೆ ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ, ಹನಿ ಬಿದ್ದ ಜಾಗದಲ್ಲಿ ಬಿಳುಪು ಮಾಯವಾಗಿ ಒಳಗಿನ ಹಸಿರು ಕಾಣಿಸಿಕೊಳ್ಳುತ್ತದೆ. ನೋಡುತ್ತಿರುವಂತೆಯೇ ಆ ಹಸಿರು ಬೇರಿನುದ್ದಕ್ಕೂ ಹರಡುತ್ತದೆ. ಬೇರಿನ ಹೊರಮೈಯಲ್ಲಿ ವೆಲಮೆನ್ ಎಂಬ ಸ್ಪಂಜಿನಂತಹ ಪದರವಿದೆ. ಸತ್ತ ಜೀವಕೋಶಗಳಿಂದಾದ ಈ ಪದರ ಮಳೆನೀರನ್ನು ಥಟ್ಟನೆ ಹೀರಿ, ಒಳಗಿನ ಜೀವಂತ ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ, ಅನಂತರ ಗಾಳಿಗೆ ಒಣಗುತ್ತದೆ. ಸದಾ ಒದ್ದೆಯಾಗಿಯೇ ಇಟ್ಟರೆ ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಹೊರಪದರ ಒರೆಯಂತೆ ಕಳಚಿಬಂದು, ನಡುವಿನ ದಾರದಂತಹ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ನಾನು ಇಷ್ಟು ವರ್ಷಗಳಲ್ಲಿ ಕಳೆದುಕೊಂಡ ಗಿಡಗಳಲ್ಲಿ ಬಹುಪಾಲು ಹೀಗೆಯೇ ಹೋದವು. ನೀರಿಲ್ಲದೆ ಒಣಗಿ ಸತ್ತವು ಬೆರಳೆಣಿಕೆಯಷ್ಟು.

ಬೆಳೆಯುವ ರೀತಿಯಲ್ಲಿ ಆರ್ಕಿಡ್‌ಗಳು ಎರಡು ಬಗೆ. ಸೀತಾಳೆ, ವಾಂಡಾ, ಫೆಲನಾಪ್ಸಿಸ್ ಮುಂತಾದವು ಒಂದೇ ಕಾಂಡವಾಗಿ ಮೇಲಕ್ಕೆ ಬೆಳೆಯುತ್ತವೆ. ಅವುಗಳಿಗೆ ನೀರು ಕೂಡಿಡುವ ಗಡ್ಡೆಯಿಲ್ಲ, ದಪ್ಪ ಎಲೆ ಮತ್ತು ಬೇರುಗಳೇ ಆಧಾರ. ಅಡಿಕೆ ಸಸಿಯ ಹಾಗೆಯೇ, ಸುಳಿ ಕೊಳೆತರೆ ಗಿಡ ಉಳಿಯುವುದು ಅಪರೂಪ. ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂ, ಸಿಂಬಿಡಿಯಂಗಳು ಬುಡದಿಂದ ವರ್ಷಕ್ಕೊಂದೆರಡು ಹೊಸ ಕಂದು ಹೊಡೆಯುತ್ತ ಅಡ್ಡಕ್ಕೆ ಸಾಗುತ್ತವೆ ಮತ್ತು ದಪ್ಪ ಕಾಂಡ ಅಥವಾ ಹುಸಿಗಡ್ಡೆಗಳಲ್ಲಿ ನೀರು, ಆಹಾರ ಕೂಡಿಡುತ್ತವೆ. ಆದ್ದರಿಂದ ಎರಡನೆಯ ಗುಂಪಿನ ಗಿಡಗಳು ನಾಲ್ಕು ದಿನ ನೀರು ತಪ್ಪಿದರೂ ತಡೆದುಕೊಳ್ಳುತ್ತವೆ. ಹೊಸಬರು ಡೆಂಡ್ರೋಬಿಯಂನಿಂದಲೇ ಆರಂಭಿಸುವುದು ಒಳ್ಳೆಯದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಊರಿಗೆ ತಕ್ಕ ಜಾತಿ

ಆರ್ಕಿಡ್ ಕುಟುಂಬದಲ್ಲಿ 25,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೂ ನೋಡಿ ಗಿಡ ಕೊಂಡು, ಆಮೇಲೆ ಅದಕ್ಕೆ ಬೇಕಾದ ಹವೆ ಹುಡುಕಲು ಹೊರಟರೆ ಹಣವೂ ಹೋಗುತ್ತದೆ, ಗಿಡವೂ ಹೋಗುತ್ತದೆ. ಮೊದಲು ನಮ್ಮ ಊರಿನ ಚಳಿಗಾಲದ ರಾತ್ರಿ ಎಷ್ಟು ತಂಪು, ಬೇಸಗೆಯ ಗಾಳಿ ಎಷ್ಟು ಒಣ, ಮಳೆ ಎಷ್ಟು ತಿಂಗಳು ಎಂಬುದನ್ನು ಗಮನಿಸಿ, ಅದಕ್ಕೆ ಒಗ್ಗುವ ಜಾತಿಯನ್ನು ಆರಿಸಬೇಕು.

ಕರಾವಳಿಯಲ್ಲಿ, ಅಂದರೆ ಕಾರವಾರದಿಂದ ಮಂಗಳೂರಿನವರೆಗೆ, ವರ್ಷವಿಡೀ ಬೆಚ್ಚಗಿನ ತೇವದ ಗಾಳಿ ಇರುವುದರಿಂದ ಸೋನಿಯಾ ಮುಂತಾದ ಡೆಂಡ್ರೋಬಿಯಂ ಮಿಶ್ರತಳಿಗಳು, ವಾಂಡಾ ಮತ್ತು ಅದರ ಮಿಶ್ರತಳಿಯಾದ ಮೊಕಾರಾಗಳು ಸೊಗಸಾಗಿ ಬರುತ್ತವೆ. ಅಲ್ಲಿ ಫೆಲನಾಪ್ಸಿಸ್ ಎಲೆ ಬಿಡುತ್ತದೆ, ಆದರೆ ಮತ್ತೆ ಹೂ ಬಿಡಿಸುವುದು ಕಷ್ಟ. ಹೂಕಡ್ಡಿ ಮೂಡಲು ಅದಕ್ಕೆ ಕೆಲವು ವಾರಗಳ ಕಾಲ ತಂಪು ಹವೆ ಬೇಕು. ಬೆಂಗಳೂರು, ಮೈಸೂರು, ಮಲೆನಾಡುಗಳ ನವೆಂಬರ್–ಡಿಸೆಂಬರ್ ರಾತ್ರಿಗಳು ಈ ಕೆಲಸವನ್ನು ತಾವಾಗಿಯೇ ಮಾಡಿಕೊಡುತ್ತವೆ. ಬೆಂಗಳೂರಿನಲ್ಲಿ ಕ್ಯಾಟ್ಲಿಯಾ, ಆನ್ಸಿಡಿಯಂ, ಫೆಲನಾಪ್ಸಿಸ್ ಮೂರೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ವಾಂಡಾ ಮಾತ್ರ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿಗೆ ಬೇರು ಸುಕ್ಕಾಗಿ ನಿಲ್ಲುತ್ತದೆ, ದಿನಕ್ಕೆರಡು ಬಾರಿ ನೀರು ಸಿಂಪಡಿಸಲು ಬಿಡುವಿದ್ದವರು ಮಾತ್ರ ಅದನ್ನು ತರಬೇಕು. ದೊಡ್ಡ ಹೂವಿನ ಸಿಂಬಿಡಿಯಂ ಮಿಶ್ರತಳಿಗಳು ಸಿಕ್ಕಿಂನಂತಹ ತಂಪು ಗುಡ್ಡಗಾಡಿನವು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಆರ್ಕಿಡ್‌ಗಾಗಿಯೇ 1996ರಲ್ಲಿ ತೆರೆದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದೂ ಸಿಕ್ಕಿಂನ ಪಾಕ್ಯೊಂಗ್‌ನಲ್ಲಿ. ಆ ಸಿಂಬಿಡಿಯಂಗಳನ್ನು ನಮ್ಮ ಬಯಲಿಗೆ ತಂದು ನೋಯಿಸಬಾರದು.

ನಮ್ಮವೇ ಆದ ಜಾತಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸೀತಾಳೆಯ ಜೊತೆಗೆ ಏರಿಡಿಸ್ ಕ್ರಿಸ್ಪಾ, ಏರಿಡಿಸ್ ರಿಂಜೆನ್ಸ್, ಎಲೆ ಉದುರಿಸಿದ ಬೋಳು ಕಾಂಡದ ತುದಿಯಲ್ಲಿ ಬೇಸಗೆಯ ಮೊದಲಲ್ಲಿ ಬಿಳಿ ಹೂಗೊಂಚಲು ಬಿಡುವ ಡೆಂಡ್ರೋಬಿಯಂ ಬಾರ್ಬ್ಯಾಟುಲಂ, ದಪ್ಪ ಎಲೆಯ ಸಿಂಬಿಡಿಯಂ ಅಲೋಯಿಫೋಲಿಯಂ, ಹಳದಿ ಹೂವಿಗೆ ಕೆಂಗಂದು ಪಟ್ಟೆ ಎಳೆದಂತಿರುವ ಆಕಾಂಪೆ, ಒಣ ಸೀಮೆಯ ಮರಗಳಲ್ಲೂ ಬದುಕುವ ಸುವಾಸನೆಯ ವಾಂಡಾ ಟೆಸೆಲೇಟಾ ಇವೆಲ್ಲ ನಮ್ಮ ಬಿಸಿಲು–ಮಳೆಗಳಿಗೆ ತಲೆಮಾರುಗಳಿಂದ ಒಗ್ಗಿದವು. ಆದರೆ ಕಾಡಿನಿಂದ ಇವನ್ನು ಕಿತ್ತು ತರುವುದು ಅಪರಾಧ, ತಂದರೂ ಬಹಳಷ್ಟು ಬದುಕುವುದಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ; ಅದರಲ್ಲೂ ಪಶ್ಚಿಮಘಟ್ಟದ ದಕ್ಷಿಣ ತುದಿಯ ಅಗಸ್ತ್ಯಮಲೆಗೆ ಸೀಮಿತವಾದ ಪ್ಯಾಫಿಯೋಪೆಡಿಲಂ ಡ್ರೂರಿಯೈ ಎಂಬ ಚಪ್ಪಲಿ ಆರ್ಕಿಡ್ ಹೀಗೆ ಕಿತ್ತವರ ಕೈಯಲ್ಲೇ ಅಳಿವಿನ ಅಂಚಿಗೆ ಬಂದಿತು. ರಸ್ತೆಬದಿಯಲ್ಲಿ ಬೇರಿಗೆ ತೊಗಟೆ ಅಂಟಿಕೊಂಡೇ ಇರುವ ಗಿಡಗಳನ್ನು ಮಾರುತ್ತಿದ್ದರೆ ದಯವಿಟ್ಟು ಕೊಳ್ಳಬೇಡಿ. ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಸಿಗುತ್ತವೆ. ನಮ್ಮದೇ ತೋಟದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲಿರುವ ಗಿಡವನ್ನು ಅದೇ ತೋಟದ ಇನ್ನೊಂದು ಮರಕ್ಕೆ ಕಟ್ಟಿ ಉಳಿಸಿಕೊಳ್ಳಬಹುದು, ನನ್ನ ಸೀತಾಳೆಗಳಲ್ಲಿ ಹೆಚ್ಚಿನವು ಹೀಗೆ ಬಂದವು.

ಮರಕ್ಕೆ ಕಟ್ಟುವುದು

ಹೊರಗೆ ಬೆಳೆಸುವುದಾದರೆ ಮರಕ್ಕೆ ಕಟ್ಟುವುದಕ್ಕಿಂತ ಒಳ್ಳೆಯ ವಿಧಾನವಿಲ್ಲ. ತೊಗಟೆ ಒರಟಾಗಿದ್ದು ಉದುರದಂತಹ ಮರ ಬೇಕು. ಮಾವು, ಹಲಸು, ತೆಂಗು, ದೇವಕಣಗಿಲೆ ಒಳ್ಳೆಯವು. ಪೇರಳೆ ಮತ್ತು ನೀಲಗಿರಿ ಮರಗಳು ತೊಗಟೆ ಕಳಚುವುದರಿಂದ ಬೇರು ಹಿಡಿಯುವಷ್ಟರಲ್ಲಿ ಗಿಡವೂ ಅದರ ಜೊತೆಗೆ ಕಳಚಿ ಬೀಳುತ್ತದೆ. ದೇವಕಣಗಿಲೆ ಚಳಿಗಾಲದಲ್ಲಿ ಎಲೆ ಉದುರಿಸಿ ಗಿಡಕ್ಕೆ ಬೆಳಕು ಬಿಡುತ್ತದೆ, ಬಿಸಿಲು ಏರುವ ಹೊತ್ತಿಗೆ ಮತ್ತೆ ಚಿಗುರುತ್ತದೆ, ಆದ್ದರಿಂದ ಮನೆಯಂಗಳಕ್ಕೆ ಅದೇ ನನ್ನ ಮೊದಲ ಆಯ್ಕೆ. ಕಟ್ಟುವ ಜಾಗ ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಮಗ್ಗುಲಾಗಿರಲಿ. ಪಶ್ಚಿಮದ ಬಿಸಿಲು ಎಲೆಯನ್ನು ಸುಡುತ್ತದೆ.

ಕಾಲ ಮುಖ್ಯ. ರೋಹಿಣಿ ಮಳೆಯಿಂದ ಆರಿದ್ರಾ ಮಳೆಯವರೆಗೆ, ಅಂದರೆ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ, ಗಿಡಗಳು ಹೊಸ ಬೇರು ಬಿಡುತ್ತವೆ. ಹಸಿರು ತುದಿ ಕಾಲು ಇಂಚು ಹೊರಬಂದಾಗ ಕಟ್ಟಿದರೆ ಒಂದು ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಕಟ್ಟಿದ ಗಿಡ ಹೊಸ ಬೇರಿಲ್ಲದೆ ಐದಾರು ತಿಂಗಳು ಒಣಗುತ್ತ ಕೂರಬೇಕಾಗುತ್ತದೆ. ಮೊದಲು ಸತ್ತ ಬೇರುಗಳನ್ನು ಕತ್ತರಿಸಿ, ಮರದ ತೊಗಟೆಗೆ ತೆಂಗಿನ ನಾರಿನ ತೆಳುವಾದ ಪದರವೊಂದನ್ನು ಒತ್ತಿ, ಅದರ ಮೇಲೆ ಗಿಡದ ಬುಡ ತೊಗಟೆಗೆ ತಾಗುವಂತೆ ಇಡಬೇಕು. ಸೀತಾಳೆ, ವಾಂಡಾಗಳಂತಹ ಗಿಡಗಳ ಸುಳಿಯಲ್ಲಿ ನೀರು ನಿಲ್ಲದಂತೆ ಸ್ವಲ್ಪ ಹೊರಕ್ಕೆ ಬಾಗಿಸಿ ಕೂರಿಸಬೇಕು. ಕಟ್ಟಲು ಕಸಿ ಪಟ್ಟಿ ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸಾಕು. ಬಾಳೆಯ ನಾರು ಮಳೆಗೆ ಬೇಗ ಕೊಳೆಯುತ್ತದೆ, ತಂತಿ ಬೇರನ್ನು ಕೊಯ್ಯುತ್ತದೆ. ಗಿಡ ಅಲುಗಾಡದಂತೆ ಬಿಗಿಯಾಗಿರಬೇಕು, ಏಕೆಂದರೆ ಗಾಳಿಗೆ ಅಲ್ಲಾಡುವ ಗಿಡದ ಎಳೆಯ ಬೇರಿನ ತುದಿ ತೊಗಟೆಗೆ ಉಜ್ಜಿ ಉಜ್ಜಿ ಮೊಂಡಾಗುತ್ತದೆ. ನಾರನ್ನು ದಪ್ಪವಾಗಿ ಸುತ್ತಿ ಬುಡವನ್ನು ಮುಚ್ಚುವವರಿದ್ದಾರೆ. ಪ್ರೀತಿಯಿಂದ ಮಾಡುವ ಈ ಕೆಲಸವೇ ಜಡಿಮಳೆಯಲ್ಲಿ ಗಿಡವನ್ನು ಕೊಳೆಸುತ್ತದೆ. ಒಂದು ವರ್ಷ ಕಳೆದು ಬೇರುಗಳು ತೊಗಟೆಗೆ ಚಪ್ಪಟೆಯಾಗಿ ಅಂಟಿಕೊಂಡ ಮೇಲೆ ಪಟ್ಟಿಯನ್ನು ಬಿಚ್ಚಬಹುದು. ಮೊದಲ ಬೇಸಗೆಯಲ್ಲಿ ದಿನ ಬಿಟ್ಟು ದಿನ ಬೆಳಿಗ್ಗೆ ನೀರು ಚಿಮುಕಿಸಬೇಕು, ಎರಡನೆಯ ಬೇಸಗೆಗೆ ಅದು ಮರದ್ದಾಗಿರುತ್ತದೆ.

ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳೂ ಇವೆ. ಸ್ಪಾತೊಗ್ಲಾಟಿಸ್ ಪ್ಲಿಕೇಟಾ ಎಂಬ ನೇರಳೆ ಹೂವಿನ ಜಾತಿಯನ್ನು ನೀರು ಬಸಿಯುವಂತೆ ಎತ್ತರಿಸಿದ ಮಡಿಯಲ್ಲಿ, ಮರಳು ಮತ್ತು ಎಲೆಗೊಬ್ಬರ ಬೆರೆತ ಮಣ್ಣಿನಲ್ಲಿ ನೆಟ್ಟರೆ ಅದು ಬಹುಕಾಲ ಹೂ ಕೊಡುತ್ತಲೇ ಇರುತ್ತದೆ. ಮಲೆನಾಡು, ಕೊಡಗುಗಳ ರೈತರು ತೋಟದ ನೆರಳಿನಲ್ಲಿ ಹಬ್ಬಿಸಿ, ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿದ ವೆನಿಲ್ಲಾ ಸಹ ಆರ್ಕಿಡ್ ಬಳ್ಳಿಯೇ.

ಕುಂಡ ಮತ್ತು ತುಂಬುವ ವಸ್ತು

ಕುಂಡಕ್ಕೆ ಮಣ್ಣು ಬೇಡ. ಇದ್ದಿಲು, ಮಂಗಳೂರು ಹೆಂಚಿನ ಅಥವಾ ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡು ಈ ಮೂರರಲ್ಲಿ ಕೆಲಸ ಮುಗಿಯುತ್ತದೆ. ಚೂರುಗಳು ಅಡಿಕೆಯ ಗಾತ್ರದಲ್ಲಿರಲಿ, ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು. ಹೆಚ್ಚು ಮಳೆಯ ಊರಿನಲ್ಲಿ ಹೆಂಚು ಮತ್ತು ಇದ್ದಿಲು ಮಾತ್ರ ಸಾಕು. ಬೆಂಗಳೂರು ಅಥವಾ ಅದಕ್ಕಿಂತ ಒಣ ಊರಾದರೆ ಮೂರನೆಯ ಒಂದು ಪಾಲು ಸಿಪ್ಪೆ ಸೇರಿಸಬಹುದು. ಸಿಪ್ಪೆಯಲ್ಲಿ ಉಪ್ಪು ಮತ್ತು ಒಗರಿನ ಅಂಶ ಇರುವುದರಿಂದ ನಾಲ್ಕೈದು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಕೆಂಪುಬಣ್ಣ ಬಿಡುವುದು ನಿಂತ ಮೇಲೆ ಬಳಸಬೇಕು. ಸಿಪ್ಪೆ ಎರಡು ಮೂರು ವರ್ಷಗಳಲ್ಲಿ ಕರಗಿ ಗೊಬ್ಬರದಂತಾಗುತ್ತದೆ. ಆಗ ಗಿಡ ಚೆನ್ನಾಗಿ ಕಂಡರೂ ಕುಂಡ ಬದಲಿಸಬೇಕು. ಮಣ್ಣಿನ ಕುಂಡದ ಬದಿಗಳಲ್ಲಿ ದೊಡ್ಡ ತೂತುಗಳಿರಲಿ. ಕುಂಡ ಗಿಡಕ್ಕೆ ಹೇಳಿ ಮಾಡಿಸಿದಷ್ಟೇ ಇರಬೇಕು. ಮುಂದೆ ಬೆಳೆಯುತ್ತದೆಂದು ದೊಡ್ಡ ಕುಂಡದಲ್ಲಿ ನೆಟ್ಟರೆ ಬೇರಿಲ್ಲದ ಜಾಗವೆಲ್ಲ ತೇವ ಹಿಡಿದುಕೊಂಡು ಕೂರುತ್ತದೆ. ವಾಂಡಾಕ್ಕೆ ಮರದ ಪಟ್ಟಿಯ ತೂಗುಬುಟ್ಟಿ ಮಾತ್ರ ಬೇಕು, ಒಳಗೆ ಏನೂ ಬೇಡ.

ಅಂಗಡಿಯಲ್ಲಿ ಹೂವಿನ ಸಮೇತ ಮಾರುವ ಫೆಲನಾಪ್ಸಿಸ್ ಬಗ್ಗೆ ಒಂದು ಎಚ್ಚರ. ನಾನು ಮೊದಲ ಬಾರಿಗೆ ತಂದ ಅಂತಹ ಮೂರು ಗಿಡಗಳು ಎರಡು ತಿಂಗಳು ಹೂ ನಿಂತು, ಆಮೇಲೆ ಎಲೆ ಜೋತು ಸತ್ತವು. ಕಿತ್ತು ನೋಡಿದಾಗ ಕುಂಡಕ್ಕೆ ತುಂಬಿದ್ದ ಪಾಚಿ ಹೊರಗೆ ಗರಿಗರಿಯಾಗಿ ಒಣಗಿತ್ತು, ಆದರೆ ನಡುವಿನಲ್ಲಿ ಸಣ್ಣ ಪ್ಲಾಸ್ಟಿಕ್ ಬಟ್ಟಲಿನೊಳಗೆ ಗಿಡದ ಮೊದಲ ಬೇರುಗಳನ್ನು ಸುತ್ತಿದ್ದ ಪಾಚಿ ಹಿಂಡಿದರೆ ನೀರು ಸುರಿಯುವಂತಿತ್ತು. ಅಂದಿನಿಂದ ಹೂ ಮುಗಿದ ಕೂಡಲೇ ಗಿಡವನ್ನು ಹೊರತೆಗೆದು, ಆ ಬಟ್ಟಲು ಮತ್ತು ಹಳೆಯ ಪಾಚಿಯನ್ನು ಪೂರ್ತಿ ಬಿಡಿಸಿ, ಇದ್ದಿಲು ಮತ್ತು ಸಿಪ್ಪೆಯಲ್ಲಿ ನೆಡುತ್ತೇನೆ. ಕುಂಡ ಬದಲಿಸಿದ ಮೇಲೆ ವಾರವೊಂದು ಬೇರಿಗೆ ನೀರು ಹಾಕದೆ ನೆರಳಿನಲ್ಲಿಟ್ಟು, ಎಲೆಗೆ ಮಾತ್ರ ತೆಳುವಾಗಿ ಸಿಂಪಡಿಸಿದರೆ ಬೇರಿನ ಗಾಯಗಳು ಒಣಗುತ್ತವೆ.

ಹಸಿರುಮನೆ ಏಕೆ, ಹೇಗೆ

ಹಸಿರುಮನೆ ಎಂದ ಕೂಡಲೇ ಬಿಸಿ ಕಾಪಾಡುವ ಗಾಜಿನ ಮನೆಯ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಯುರೋಪಿನ ಅಗತ್ಯದಿಂದ ಹುಟ್ಟಿದ್ದು. ಅಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆರ್ಕಿಡ್‌ಗಳನ್ನು ಬಿಸಿ ಹಬೆಯ ಮುಚ್ಚಿದ ಮನೆಗಳಲ್ಲಿಟ್ಟು ಲೆಕ್ಕವಿಲ್ಲದಷ್ಟು ಗಿಡಗಳನ್ನು ಕೊಂದರು. 1830ರ ದಶಕದಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತ್ ಅರಮನೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಬಿಸಿಯನ್ನು ತಗ್ಗಿಸಿ ಗಾಳಿ ಆಡಲು ಬಿಟ್ಟ ಮೇಲೆಯೇ ಅವು ಅಲ್ಲಿ ಚೆನ್ನಾಗಿ ಬೆಳೆಯತೊಡಗಿದವು. ನಮಗೆ ಬಿಸಿಯ ಕೊರತೆಯಿಲ್ಲ. ನಮ್ಮಲ್ಲಿ ಹಸಿರುಮನೆಯ ಕೆಲಸ ಮಳೆಯನ್ನು ತಡೆಯುವುದು ಮತ್ತು ಬಿಸಿಲನ್ನು ಸೋಸುವುದು. ಗಾಳಿಯನ್ನು ಅದು ಎಂದೂ ತಡೆಯಬಾರದು. ಈ ಮಾತನ್ನು ಮರೆತು ನಾಲ್ಕೂ ಬದಿಗೆ ಹಾಳೆ ಹೊದಿಸಿದ ಪಾಲಿಹೌಸ್‌ಗಳಲ್ಲಿ ಏಪ್ರಿಲ್ ಮಧ್ಯಾಹ್ನ ಒಳಗೆ ನಿಲ್ಲಲು ಮನುಷ್ಯರಿಗೇ ಆಗುವುದಿಲ್ಲ.

ಮನೆಮಟ್ಟಿಗೆ 20 ಅಡಿ ಉದ್ದ, 12 ಅಡಿ ಅಗಲದ ಜಾಗ ಸಾಕು. ಸತು ಲೇಪಿಸಿದ ಕಬ್ಬಿಣದ (ಜಿ.ಐ.) ಪೈಪಿನ ಚೌಕಟ್ಟು, ಬದಿಯಲ್ಲಿ ಕನಿಷ್ಠ 10 ಅಡಿ ಎತ್ತರ, ಮೇಲೆ 200 ಮೈಕ್ರಾನ್ ದಪ್ಪದ, ಅತಿನೇರಳೆ ಕಿರಣ ತಡೆಯುವ ಪಾಲಿಥೀನ್ ಹಾಳೆ. ಮಾಡಿನ ಇಳಿಜಾರು ಮಲೆನಾಡಿನ ಹೆಂಚಿನ ಮನೆಯಷ್ಟೇ ಕಡಿದಾಗಿರಲಿ, ಇಲ್ಲದಿದ್ದರೆ ನೀರು ಹಾಳೆಯಲ್ಲಿ ಗುಂಡಿಕಟ್ಟಿ ಒಂದೇ ರಾತ್ರಿಯಲ್ಲಿ ಹರಿಯುತ್ತದೆ. ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಬೇಕು. ಅಡಿಕೆ ಅಥವಾ ತೆಂಗಿನ ಮರದ ಕೆಳಗೆ ಕಟ್ಟಬಾರದು, ಬಿದ್ದ ಒಂದು ಅಡಿಕೆ ಹಾಳೆ ಅಥವಾ ಹೆಡೆಮಟ್ಟೆಗೆ ಮಾಡೇ ಹೋಗುತ್ತದೆ. ನಾಲ್ಕೂ ಬದಿಗೆ ಬಲೆ ಮಾತ್ರ ಕಟ್ಟಬೇಕು. ಎರಡೂವರೆ ಅಡಿ ಎತ್ತರದಲ್ಲಿ ಕಬ್ಬಿಣದ ಜಾಲರಿಯ ಮೇಜುಗಳನ್ನಿಟ್ಟು ಕುಂಡಗಳನ್ನು ಅವುಗಳ ಮೇಲೆ ಜೋಡಿಸಿದರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ನೆಲಕ್ಕೆ ಜಲ್ಲಿ ಹರಡಿ, ಬೇಸಗೆಯ ಮಧ್ಯಾಹ್ನಗಳಲ್ಲಿ ಅದನ್ನು ತೋಯಿಸಿದರೆ ಗಾಳಿ ತಂಪಾಗಿ ತೇವ ಹೆಚ್ಚುತ್ತದೆ. ಒಣ ಊರುಗಳಲ್ಲಿ ಮಂಜಿನಂತೆ ನೀರು ಚಿಮ್ಮುವ ಫಾಗರ್ ಹಾಕಿಸುವುದು ಸಾರ್ಥಕ, ಮಲೆನಾಡು ಮತ್ತು ಕರಾವಳಿಯಲ್ಲಿ ಅದಕ್ಕೆ ಹಣ ಹಾಕುವ ಅಗತ್ಯ ನನಗೆ ಕಂಡಿಲ್ಲ.

ನೆರಳು ಪರದೆಯ ವಿಷಯದಲ್ಲಿ ಹೆಚ್ಚು ತಪ್ಪಾಗುತ್ತದೆ. ಡೆಂಡ್ರೋಬಿಯಂ, ವಾಂಡಾ, ಮೊಕಾರಾಗಳಿಗೆ 50 ಪ್ರತಿಶತ ಬಿಸಿಲು ತಡೆಯುವ ಪರದೆ, ಫೆಲನಾಪ್ಸಿಸ್ ಮತ್ತು ಚಪ್ಪಲಿ ಆರ್ಕಿಡ್‌ಗಳಿಗೆ 75 ಪ್ರತಿಶತದ ಪರದೆ ಎಂಬುದು ಸಾಮಾನ್ಯ ನಿಯಮ. ಕ್ಯಾಟ್ಲಿಯಾ ಇವೆರಡರ ನಡುವೆ. ಆದರೆ ಈ ಲೆಕ್ಕ ಬೇಸಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಪರದೆಯಾಗಿರುವಾಗ, ಹಾಳೆಯ ಕೆಳಗೆ ಮತ್ತೆ ಪರದೆ ಎಳೆದರೆ ಒಳಗೆ ಕತ್ತಲಾಗಿ, ಡೆಂಡ್ರೋಬಿಯಂ ಕಾಂಡಗಳು ಸೊರಗಿ ಉದ್ದವಾಗಿ ಬಾಗುತ್ತವೆ ಮತ್ತು ಆ ವರ್ಷ ಹೂ ಕಡಿಮೆಯಾಗುತ್ತದೆ. ಆದ್ದರಿಂದ ಪರದೆಯನ್ನು ತಂತಿಯ ಮೇಲೆ ಸರಿಯುವಂತೆ ಕಟ್ಟಿಸಿ, ಮಳೆ ಹಿಡಿದ ಕೂಡಲೇ ಸರಿಸಿಡಬೇಕು, ಮೋಡ ಚದುರಿ ಬಿಸಿಲು ಬಲಿತ ಕೂಡಲೇ ಮತ್ತೆ ಎಳೆಯಬೇಕು. ಮಳೆಗಾಲದಲ್ಲಿ ಹಾಳೆಗೆ ಹಿಡಿದ ಪಾಚಿಯನ್ನು ಅಕ್ಟೋಬರ್‌ನಲ್ಲಿ ತೊಳೆಯುವುದನ್ನು ಮರೆಯಬಾರದು. ಬೆಳಕು ಸಾಕೋ ಸಾಲದೋ ಎಂಬುದನ್ನು ಎಲೆಯೇ ತೋರಿಸುತ್ತದೆ. ಕಡುಹಸಿರು ಎಲೆ ಬೆಳಕು ಸಾಲದೆಂಬುದರ ಗುರುತು, ತುಸು ಹಳದಿ ಬೆರೆತ ತಿಳಿಹಸಿರು ಸರಿಯಾದ ಹದ, ಅಂಚಿನಲ್ಲಿ ಕೆಂಪು ನೇರಳೆ ಛಾಯೆ ಬಂದರೆ ಅದೇ ಮಿತಿ. ಮಧ್ಯಾಹ್ನ ಒಂದು ಗಂಟೆಗೆ ಎಲೆಯನ್ನು ಅಂಗೈಯಲ್ಲಿ ಹಿಡಿದಾಗ ಕೈಗೆ ಬಿಸಿ ತಾಗಿದರೆ ಪರದೆ ಹೆಚ್ಚಿಸಬೇಕು. ಇನ್ನೊಂದು ಸಂಗತಿ: ಫೆಲನಾಪ್ಸಿಸ್, ಕ್ಯಾಟ್ಲಿಯಾ, ವಾಂಡಾಗಳು ಪಾಪಾಸುಕಳ್ಳಿಯಂತೆ ರಾತ್ರಿಯಲ್ಲಿ ಎಲೆರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ, ಹೀಗಾಗಿ ರಾತ್ರಿಯೂ ಹಸಿರುಮನೆಯೊಳಗೆ ಗಾಳಿ ಆಡುತ್ತಿರಬೇಕು.

ನೀರು, ಗೊಬ್ಬರ

ನೀರನ್ನು ಬೆಳಿಗ್ಗೆಯೇ ಹಾಕಬೇಕು. ಸಂಜೆಯ ಹೊತ್ತಿಗೆ ಎಲೆಯ ಕಂಕುಳು ಮತ್ತು ಸುಳಿ ಒಣಗಿರಬೇಕು. ಕುಂಡ ಎತ್ತಿ ನೋಡಿ ಹಗುರವಾಗಿದ್ದು ಬೇರು ಬೆಳ್ಳಗಿದ್ದರೆ ಧಾರಾಳವಾಗಿ, ಕೆಳಗಿನಿಂದ ಹರಿದುಹೋಗುವಷ್ಟು ಹಾಕಬೇಕು, ಮತ್ತೆ ಒಣಗುವವರೆಗೆ ಕಾಯಬೇಕು. ಬೇಸಗೆಯಲ್ಲಿ ಡೆಂಡ್ರೋಬಿಯಂಗೆ ಇದು ದಿನವೂ ಆಗಬಹುದು, ಹಾಳೆಯ ಕೆಳಗಿನ ಫೆಲನಾಪ್ಸಿಸ್‌ಗೆ ಜುಲೈಯಲ್ಲಿ ಹತ್ತು ದಿನಕ್ಕೊಮ್ಮೆ ಆಗಬಹುದು. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ಹಸಿರುಮನೆಯ ಮಾಡಿನಿಂದಲೇ ಮಳೆನೀರು ಹಿಡಿದು ಟ್ಯಾಂಕಿನಲ್ಲಿಟ್ಟುಕೊಳ್ಳುವುದು ಉತ್ತಮ. ಅದು ಸಾಲದಿದ್ದರೆ ತಿಂಗಳಿಗೊಮ್ಮೆಯಾದರೂ ಮಳೆನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆಯಬೇಕು.

ಗೊಬ್ಬರ ತೆಳುವಾಗಿರಬೇಕು ಮತ್ತು ಪದೇ ಪದೇ ಸಿಗಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಕರಗಿಸಿ, ಬೆಳವಣಿಗೆಯ ಕಾಲದಲ್ಲಿ ವಾರಕ್ಕೊಮ್ಮೆ, ಮೊದಲು ಬೇರನ್ನು ನೀರಿನಿಂದ ತೋಯಿಸಿದ ಮೇಲೆ ಕೊಡುತ್ತೇನೆ. ಬೇರಿಲ್ಲದ ಅಥವಾ ವಿಶ್ರಾಂತಿಯಲ್ಲಿರುವ ಗಿಡಕ್ಕೆ ಗೊಬ್ಬರ ಬೇಡ. ಡೆಂಡ್ರೋಬಿಯಂ ನೋಬಿಲೆ ಮತ್ತು ನಮ್ಮ ಎಲೆ ಉದುರಿಸುವ ಡೆಂಡ್ರೋಬಿಯಂಗಳಿಗೆ ನವೆಂಬರ್‌ನಿಂದ ಗೊಬ್ಬರ ನಿಲ್ಲಿಸಿ, ಕಾಂಡ ಸುಕ್ಕಾಗದಿರುವಷ್ಟು ಮಾತ್ರ ನೀರು ಕೊಡಬೇಕು; ಕರುಣೆಯಿಂದ ನೀರು–ಗೊಬ್ಬರ ಮುಂದುವರಿಸಿದರೆ ಮೊಗ್ಗು ಬರಬೇಕಾದ ಗೆಣ್ಣುಗಳಲ್ಲಿ ಮರಿಗಿಡಗಳು ಏಳುತ್ತವೆ.

ರೋಗ, ಕೀಟ

ಅಡಿಕೆ ಬೆಳೆಗಾರರಿಗೆ ಕೊಳೆರೋಗವನ್ನು ಪರಿಚಯಿಸಬೇಕಾಗಿಲ್ಲ. ಅದನ್ನು ತರುವ ಫೈಟಾಫ್ತೊರಾ ಕುಲದ, ಶಿಲೀಂಧ್ರವನ್ನು ಹೋಲುವ ರೋಗಾಣುವೇ ಆರ್ಕಿಡ್‌ನಲ್ಲಿಯೂ ಕಪ್ಪುಕೊಳೆ ತರುತ್ತದೆ. ಸುಳಿಯಲ್ಲಿ ನೀರು ನಿಂತ ಗಿಡಕ್ಕೆ ಆಷಾಢದ ಮಳೆಯಲ್ಲಿ ಇದು ಎರಡು ಮೂರು ದಿನಗಳಲ್ಲಿ ಹರಡುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಆರ್ಕಿಡ್‌ಗೆ, ಅದರಲ್ಲೂ ಡೆಂಡ್ರೋಬಿಯಂಗೆ, ಸಿಂಪಡಿಸಬಾರದು. ಅದರಲ್ಲಿರುವ ಮೈಲುತುತ್ತದ ತಾಮ್ರ ಅವುಗಳ ಎಲೆ, ಮೊಗ್ಗುಗಳಿಗೆ ವಿಷ. ನಮ್ಮ ತೋಟದಲ್ಲಿ ಒಂದು ವರ್ಷ ಮೊದಲ ಸುತ್ತಿನ ಔಷಧಿ ಹೊಡೆಯುವಾಗ ಗಾಳಿಗೆ ತೇಲಿಬಂದ ದ್ರಾವಣ ಅಂಗಳದಂಚಿನ ಡೆಂಡ್ರೋಬಿಯಂಗಳ ಮೇಲೆ ಬಿದ್ದು, ವಾರದೊಳಗೆ ಎಳೆಯ ಎಲೆಗಳೆಲ್ಲ ಕಪ್ಪು ಚುಕ್ಕೆಯಾಗಿ ಉದುರಿದವು. ಈಗ ಔಷಧಿ ಹೊಡೆಯುವ ದಿನ ಗಿಡಗಳಿಗೆ ಟಾರ್ಪಾಲು ಹೊದಿಸುತ್ತೇವೆ. ಕೊಳೆ ಕಂಡರೆ ಆ ಭಾಗವನ್ನು ಆರೋಗ್ಯವಾದ ಹಸಿರು ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ (ಬೇರಿಗೆ ತಾಗಿಸಬಾರದು, ಅದು ಬೇರನ್ನು ಒಣಗಿಸುತ್ತದೆ), ಗಿಡವನ್ನು ಬೇರೆಯಾಗಿಟ್ಟು, ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ರೋಗನಾಶಕ ಪುಡಿಯನ್ನು ಲೀಟರ್‌ಗೆ 2 ಗ್ರಾಂನಂತೆ ಸಿಂಪಡಿಸಬೇಕು. ಕತ್ತರಿಸುವ ಬ್ಲೇಡನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಕಾಯಿಸಲೇಬೇಕು, ಏಕೆಂದರೆ ಸಿಂಬಿಡಿಯಂ ಮೊಸಾಯಿಕ್‌ನಂತಹ ನಂಜುರೋಗಗಳು ಕತ್ತರಿಯಿಂದಲೇ ಹರಡುತ್ತವೆ ಮತ್ತು ಅವುಗಳಿಗೆ ಔಷಧಿಯಿಲ್ಲ.

ಬಸವನಹುಳುಗಳು ರಾತ್ರಿಯಲ್ಲಿ ಹೊಸ ಬೇರಿನ ತುದಿ ಮತ್ತು ಮೊಗ್ಗನ್ನು ತಿನ್ನುತ್ತವೆ. ಮೇಜಿನ ಕೆಳಗೆ ಒದ್ದೆ ಗೋಣಿಚೀಲ ಹಾಸಿ, ಪಪ್ಪಾಯಿ ಅಥವಾ ಎಲೆಕೋಸಿನ ತುಂಡಿಟ್ಟರೆ ಅದರಡಿಯಲ್ಲಿ ಸೇರುತ್ತವೆ, ಬೆಳಿಗ್ಗೆ ಆರಿಸಿ ತೆಗೆಯಬಹುದು. ಹಿಟ್ಟುತಿಗಣೆ ಮತ್ತು ಶಲ್ಕಕೀಟ ಎಲೆಯ ಬುಡದಲ್ಲಿ ಅಡಗಿರುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಬೇಕು.

ಹೂ ಬಂದ ಮೇಲೆ

ಫೆಲನಾಪ್ಸಿಸ್‌ನ ಹೂಕಡ್ಡಿ ಎಲೆಯ ಕಂಕುಳಿನಿಂದ ಹೊರಟಾಗ ಬೇರಿನಂತೆಯೇ ಕಾಣುತ್ತದೆ. ತುದಿ ಗುಂಡಗಿದ್ದರೆ ಬೇರು, ಕೈಗವಸಿನ ಬೆರಳಿನಂತೆ ಚಪ್ಪಟೆಯಾಗಿ ಓರೆಯಾಗಿದ್ದರೆ ಹೂಕಡ್ಡಿ. ಅದು ಕಂಡ ದಿನದಿಂದ ಕುಂಡವನ್ನು ತಿರುಗಿಸಬಾರದು, ತಿರುಗಿಸಿದಷ್ಟು ಬಾರಿ ಕಡ್ಡಿ ಬೆಳಕಿನತ್ತ ಹೊರಳಿ ಹೂಗಳು ದಿಕ್ಕೆಟ್ಟು ಅರಳುತ್ತವೆ. ಹೂ ಬಾಡಿದ ಮೇಲೆ ಗಿಡ ಬಲವಾಗಿದ್ದರೆ ಬುಡದಿಂದ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಬಹುದು, ಅಲ್ಲಿಂದ ಮತ್ತೊಂದು ಕವಲು ಬರುವುದುಂಟು. ಎರಡೇ ಎಲೆಯ ಸೊರಗಿದ ಗಿಡವಾದರೆ ಕಡ್ಡಿಯನ್ನು ಬುಡಸಮೇತ ತೆಗೆಯಬೇಕು. ಡೆಂಡ್ರೋಬಿಯಂನ ಹೂ ಬಿಟ್ಟ ಹಳೆಯ ಕಾಂಡವನ್ನು ಮಾತ್ರ ಹಸಿರಾಗಿರುವವರೆಗೂ ಕತ್ತರಿಸಬಾರದು, ಹೊಸ ಕಂದಿಗೆ ಆಹಾರ ಅದರಿಂದಲೇ ಹೋಗುತ್ತದೆ, ಕೆಲವೊಮ್ಮೆ ಮರುವರ್ಷ ಅದೇ ಕಾಂಡದಲ್ಲಿ ಇನ್ನೊಂದು ಹೂಕಡ್ಡಿ ಮೂಡುತ್ತದೆ. ಸೀತಾಳೆಯ ಕಾಯಿ ಬಲಿಯಲು ಒಂದೆರಡು ದಂಡೆಗಳನ್ನು ಮರದಲ್ಲಿಯೇ ಬಿಡಿ. ಧೂಳಿನಷ್ಟು ಸಣ್ಣ ಬೀಜಗಳಲ್ಲಿ ಮೊಳಕೆಗೆ ಬೇಕಾದ ಆಹಾರವಿಲ್ಲ. ಪ್ರಕೃತಿಯಲ್ಲಿ ತೊಗಟೆಯ ಮೇಲಿನ ಶಿಲೀಂಧ್ರ ಅವುಗಳಿಗೆ ಉಣಿಸುತ್ತದೆ. 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ಕ್ನಡ್‌ಸನ್ ಸಕ್ಕರೆ ಬೆರೆಸಿದ ಅಗರ್ ಎಂಬ ಲೋಳೆಯಲ್ಲಿ ಶಿಲೀಂಧ್ರವಿಲ್ಲದೆಯೇ ಮೊಳಕೆ ಬರಿಸಿ ತೋರಿಸಿದ ಮೇಲೆ ಪ್ರಯೋಗಾಲಯಗಳಲ್ಲಿ ಸಸಿ ಮಾಡುವುದು ಸಾಧ್ಯವಾಯಿತು. ನಮ್ಮ ಹಲಸಿನ ಮರದ ಉತ್ತರದ ಕವಲಿನಲ್ಲಿ, ಹಾವಸೆ ಹಿಡಿದ ತೊಗಟೆಯ ಸೀಳಿನಲ್ಲಿ, ತಾಯಿಗಿಡದಿಂದ ನಾಲ್ಕಡಿ ಕೆಳಗೆ ಎರಡೆಲೆಯ ಎರಡು ಸೀತಾಳೆ ಸಸಿಗಳು ಕಳೆದ ಮಳೆಗಾಲದಲ್ಲಿ ಕಾಣಿಸಿಕೊಂಡಿವೆ. ಅವು ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಆ ಕೊಂಬೆಗೆ ಕತ್ತಿ ತಾಗಿಸಬಾರದೆಂದು ಮರ ಹತ್ತುವವರಿಗೆ ಹೇಳಿಟ್ಟಿದ್ದೇನೆ.